ಮೈಮೇಲೆ ಎದ್ದ ಹೊನ್ನು

ರವೀಂದ್ರನನ್ನು ಎಣ್ಣೆಯೇ ಕೊಂದಿತು ಎಂದು ಕಾಯ್ಕಿಣಿಗೆಲ್ಲ ಸಾರಿದವಳು ಬೇರೆ ಯಾರೂ ಅಲ್ಲ, ಅವನನ್ನು ಹೆತ್ತ ಗಂಗತ್ತೆ. ಎಣ್ಣೆ ತಾನಾಗಿ ನಡೆದುಬಂದು ಯಾರ ಬಾಯಿಗೂ ಬೀಳುವುದಿಲ್ಲ; ಹೊಯ್ದವರು ಒಬ್ಬರು ಇರಲೇಬೇಕು. ಆ ಒಬ್ಬರು ಯಾರೆಂದು ಊರವರು ಕೇಳಬೇಕಾಗಿರಲಿಲ್ಲ. ಆದರೂ ಗಂಗತ್ತೆ ಹೇಳಿಯೇ ಹೇಳಿದಳು, ಅದೂ ಹೆಣ ಇನ್ನೂ ಅಂಗಳದಲ್ಲಿರುವಾಗ, ಬಂದವರೆಲ್ಲರ ಎದುರು: "ದಿನಾ ಬಂಗ್ಡೆ ಹುರ್ದು ಹಾಕಿದ್ಲು, ದಿನಾ! ಎಣ್ಣೆಲಿ ಮುಳುಗ್ಸಿ ತೆಗ್ದು ಹಾಕಿದ್ಲು. ನನ್ನ ಮಗನ ಎದೆ ಕಟ್ಟಿ ಹೋತು!" ಗಂಡನ ಕಾಲ ಬಳಿ ಕೂತಿದ್ದ ಪವಿತ್ರಾಳಿಗೆ ಬರುತ್ತಿದ್ದ ಅಳು ಅಲ್ಲಿಗೇ ನಿಂತುಹೋಯಿತು. ಅದರ ಜಾಗದಲ್ಲಿ ಸಿಟ್ಟು ಬಂದು ಕೂತಿತು. ವರ್ಷ ತುಂಬುತ್ತ ಬಂದರೂ ಅದು ಎದ್ದು ಹೋಗಿರಲಿಲ್ಲ.

ರವೀಂದ್ರನಿಗೆ ಮೂವತ್ತಾರು. ಭಟ್ಕಳದ ಪಕ್ಕದ ಜಾಲಿ ಊರಿನಲ್ಲಿ ಟೈಲ್ಸ್ ಅಂಗಡಿ. ಸಿಗರೇಟಿಲ್ಲ, ಕುಡಿತವಿಲ್ಲ, ಹೊಟ್ಟೆ ಬಂದವನೂ ಅಲ್ಲ. ಅವತ್ತು ಗಿರಾಕಿಯ ಗಾಡಿಗೆ ಟೈಲ್ಸಿನ ಪೆಟ್ಟಿಗೆ ಎತ್ತಿಡುವಾಗ ಎದೆ ಹಿಂಡಿದಂತಾಯಿತಂತೆ. ಗ್ಯಾಸು ಎಂದ. ಪಕ್ಕದ ಅಂಗಡಿಯಿಂದ ಸೋಡಾ ತರಿಸಿ ಕುಡಿದ, ಇನ್ನೊಂದು ತರಿಸಿ ಅದನ್ನೂ ಕುಡಿದ. ನಮ್ಮ ಕಡೆಯ ಗಂಡಸರ ಎದೆಯಲ್ಲಿ ಏನಾದರೂ ಅದು ಗ್ಯಾಸೇ. ಹೃದಯ ಎಂಬುದು ಅವರಿಗೆ ಸಿನಿಮಾ ಹಾಡಿಗೆ ಬೇಕಾದ ವಸ್ತು. ಕೊನೆಗೆ ಕಾರಿಗೆ ಹಾಕಿಕೊಂಡು ಉಡುಪಿ ಕಡೆ ಓಡಿಸಿದರೆ ಬೈಂದೂರು ದಾಟುವ ಮೊದಲೇ ಎಲ್ಲ ಮುಗಿದಿತ್ತು. ಸೋಡಾದ ಮೇಲೆ ಯಾರಿಗೂ ಸಿಟ್ಟು ಬರಲಿಲ್ಲ, ಕಳೆದ ಹೊತ್ತಿನ ಮೇಲೂ ಬರಲಿಲ್ಲ. ಬಂದದ್ದೆಲ್ಲ ಬಂಗಡೆ ಮೀನು ಹುರಿದವಳ ಮೇಲೆ.

ಅಲ್ಲಿಂದಾಚೆ ಒಲೆ ಗಂಗತ್ತೆಯ ಕೈಗೆ ಹೋಯಿತು. ತೆಂಗಿನೆಣ್ಣೆಯ ಡಬ್ಬಿ ಅವಳ ಮಂಚದ ಅಡಿಗೆ ಹೋಯಿತು. ಭಟ್ಕಳದ ಪಿಯು ಕಾಲೇಜಿನಲ್ಲಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವ ಪವಿತ್ರಾ ತನ್ನ ಮನೆಯಲ್ಲಿ ಒಂದು ಸಾಸಿವೆ ಸಿಡಿಸಬೇಕೆಂದರೂ ಅತ್ತೆಯ ಮುಖ ನೋಡಬೇಕಾಯಿತು. ಅವಳು ಹಲ್ಲು ಕಚ್ಚಿಕೊಂಡು ಇದ್ದಳು. ಯಾಕೆಂದರೆ ಬಂಗಡೆ ಹುರಿದದ್ದು ಸುಳ್ಳಲ್ಲ. ಓದಿದ್ದು ಎಷ್ಟೇ ಇರಲಿ, ಊರೆಲ್ಲ ಸೇರಿ ಒಬ್ಬಳ ಕಡೆ ಬೆರಳು ಮಾಡಿದರೆ ಅವಳಿಗೂ ಒಮ್ಮೊಮ್ಮೆ ತನ್ನ ಕೈಯನ್ನು ತಾನೇ ನೋಡಿಕೊಳ್ಳುವಂತಾಗುತ್ತದೆ.

ಇನ್ನು ಆ ಮನೆಯ ಹೊನ್ನಿನ ಸಂಗತಿ ಹೇಳಬೇಕು. ಅದು ಪೆಟ್ಟಿಗೆಯಲ್ಲಿ ಇಡುವ ಹೊನ್ನಲ್ಲ. ಗಂಗತ್ತೆಯ ಕಣ್ಣುಗಳ ಮೂಲೆಯಲ್ಲಿ, ಮೂಗಿನ ಪಕ್ಕಕ್ಕೆ, ರೆಪ್ಪೆಯ ಮೇಲೆ ಅರಿಶಿನ ಮೆತ್ತಿದಂತೆ ಹಳದಿ ಗಂಟು. ರವೀಂದ್ರನಿಗೂ ಹಾಗೇ ಇತ್ತು. ಗಂಗತ್ತೆಯ ತಮ್ಮ ದುರ್ಗಪ್ಪನಿಗೂ ಇತ್ತು. ಆ ದುರ್ಗಪ್ಪನೇ ಪವಿತ್ರಾಳ ಅಪ್ಪ. ಅಂದರೆ ಗಂಗತ್ತೆ ಅವಳಿಗೆ ಗಂಡನ ತಾಯಿಯೂ ಹೌದು, ಸ್ವಂತ ಸೋದರತ್ತೆಯೂ ಹೌದು. ಇದು ದೇವರು ಮೆಚ್ಚಿ ಇಟ್ಟ ಹೊನ್ನಿನ ಬೊಟ್ಟು, ಕುಟುಂಬ ಬಿಟ್ಟು ಆಚೆ ಹೋಗಬಾರದು ಎಂದು ಅವರಲ್ಲಿ ಹಿಂದಿನಿಂದಲೂ ಹೆಣ್ಣು ಕೊಡುವುದೂ ತರುವುದೂ ಒಳಗೊಳಗೇ. ದುರ್ಗಪ್ಪನ ಮಗಳು ಪವಿತ್ರಾಳನ್ನು ರವೀಂದ್ರನಿಗೆ ತಂದರು. ಗಂಗತ್ತೆಯ ಮಗಳು ಉಮಾಳನ್ನು ಪವಿತ್ರಾಳ ಅಣ್ಣ ಮೋಹನನಿಗೆ, ಕುಮಟೆಗೆ ಕೊಟ್ಟರು. ಪವಿತ್ರಾಳ ಕಣ್ಣಿನ ಬಳಿ ಮಾತ್ರ ಹಳದಿ ಇರಲಿಲ್ಲ. "ತಮ್ಮನ ಮಗ್ಳಾದ್ರೂ ಹೊನ್ನಿಲ್ದ ಕೂಸು" ಎಂದು ಗಂಗತ್ತೆ ಮದುವೆಯ ಚಪ್ಪರದಲ್ಲೇ ಆಡಿಕೊಂಡಿದ್ದಳು.

ಆ ವಾರ ತರಗತಿಯಲ್ಲಿ ಲಿಪಿಡ್ ಪಾಠ. ಪವಿತ್ರಾ ಮಕ್ಕಳಿಗೆ ಶೇಂಗಾ, ಕೊಬ್ಬರಿ, ಅಕ್ಕಿ ತರಹೇಳಿದ್ದಳು. ಒಂದೊಂದನ್ನು ಕಾಗದಕ್ಕೆ ಉಜ್ಜಿ ಕಿಟಕಿಯ ಬೆಳಕಿಗೆ ಹಿಡಿಸಿದಳು. ಕೊಬ್ಬರಿ ಉಜ್ಜಿದಲ್ಲಿ ಬೆಳಕು ತೂರಿ ಬಂತು, ಅಕ್ಕಿ ಉಜ್ಜಿದಲ್ಲಿ ಇಲ್ಲ. "ನೀರಿನ ಕಲೆ ಒಣಗ್ತದೆ. ಇದು ಒಣಗುದಿಲ್ಲ" ಎಂದಳು. "ನೀರಿಗೂ ಇದಕ್ಕೂ ಆಗಿಬರುದಿಲ್ಲ. ಕೆಸುವಿನೆಲೆ ಮೇಲೆ ಮಳೆನೀರು ಉರುಳಿ ಹೋಗ್ತದಲ್ಲ, ಅಲ್ಲಿರೂದು ಮೇಣ. ಅದೂ ಇದೇ ಜಾತಿ. ಬಾಣಲೆಯ ಎಣ್ಣೆ, ದನದ ತುಪ್ಪ, ನಿಮ್ಮ ಹೊಟ್ಟೆಯ ಕೊಬ್ಬು, ಇವು ಕೂಡಿಟ್ಟ ಬುತ್ತಿ. ಉಪವಾಸ ಬಿದ್ದಾಗ ದೇಹ ಬಿಚ್ಚಿ ತಿಂತದೆ. ಇನ್ನೊಂದು ಜಾತಿ ಇದೆ, ಫಾಸ್ಫೋಲಿಪಿಡ್. ಅದರ ತಲೆಗೆ ನೀರು ಬೇಕು, ಬಾಲಕ್ಕೆ ನೀರು ಕಂಡರಾಗುದಿಲ್ಲ. ಹಾಗಾಗಿ ತಲೆ ಹೊರಗೆ, ಬಾಲ ಒಳಗೆ ಮಾಡ್ಕಂಡು ಎರಡು ಸಾಲು ನಿಲ್ತದೆ. ನಿಮ್ಮ ಒಂದೊಂದು ಜೀವಕೋಶಕ್ಕೂ ಅದೇ ಬೇಲಿ. ಅದಿಲ್ಲದಿದ್ರೆ ನೀವು ಇಲ್ಲಿ ಬೆಂಚಿನ ಮೇಲೆ ಕೂತಿರ್ತಿರಲಿಲ್ಲ, ಸೋರಿ ಹೋಗ್ತಿದ್ರಿ."

ಮಕ್ಕಳು ನಕ್ಕರು. ಮುಂದಿನ ಬೆಂಚಿನ ಹುಡುಗಿ ಎದ್ದು, "ಮೇಡಂ, ಹಂಗಾರೆ ಕೊಲೆಸ್ಟರಾಲ್? ತೆಂಗಿನೆಣ್ಣೆ ತುಂಬ ಅದೇ ಹೇಳಿ ನಮ್ಮಜ್ಜಿ ಬೈತ್ರು" ಎಂದಳು.

"ತೆಂಗಿನೆಣ್ಣೆಲಿ ಕೊಲೆಸ್ಟರಾಲ್ ಇಲ್ಲ. ಗಿಡಮರ ಅದನ್ನ ಲೆಕ್ಕಕ್ಕೆ ಸಿಗುವಷ್ಟೂ ಮಾಡುದಿಲ್ಲ. ನಿಮ್ಮ ಮೈಯಲ್ಲಿರುದನ್ನ ಬಹುಪಾಲು ನಿಮ್ಮ ಲಿವರೇ ಮಾಡ್ತದೆ. ಕೋಶದ ಬೇಲಿಗೆ ಬೇಕು, ಹಾರ್ಮೋನಿಗೆ ಬೇಕು, ಬಿಸಿಲಲ್ಲಿ ಡಿ ವಿಟಮಿನ್ ಆಗುಕೆ ಬೇಕು. ಅತಿ ಎಣ್ಣೆ ಒಳ್ಳೇದಲ್ಲ, ಅದು ಬೇರೆ ಮಾತು. ಆದ್ರೆ ಕೊಲೆಸ್ಟರಾಲ್ ಮಾಡುದು ಬಾಣಲೆ ಅಲ್ಲ!"

ಕೊನೆಯ ಮಾತು ಬೇಕಾದ್ದಕ್ಕಿಂತ ಜೋರಾಗಿ ಬಂತು. ಕೈಯಲ್ಲಿದ್ದ ಸೀಮೆಸುಣ್ಣ ಎರಡು ತುಂಡಾಗಿತ್ತು. ಈ ಪಾಠವನ್ನು ಅವಳು ವರ್ಷ ವರ್ಷವೂ ಮಾಡಿದ್ದಾಳೆ. ಹೊರಗೆ ಮಾಡಿದ ಪಾಠವನ್ನು ಮನೆಯ ಹೊಸಿಲು ದಾಟಿಸಲು ಬಾಯಿ ಬಂದಿರಲಿಲ್ಲ. ಸಂಜೆ ಬಸ್ಸಿಳಿದವಳು ಚೀಲವನ್ನೂ ಇಳಿಸದೆ ನೇರ ಅತ್ತೆಯ ಎದುರು ನಿಂತಳು.

"ಎಣ್ಣೆ ಡಬ್ಬಿ ಕೊಡಿ ಅತ್ತೆ. ಇವತ್ತಿಂದ ನಾನು ಅಡಿಗೆ ಮಾಡ್ತೆ."

"ಎಂತಕ್ಕೆ? ಇನ್ಯಾರು ಉಳ್ದಿದ್ರು ಕೊಲ್ಲುಕೆ?" ಎಂದಳು ಗಂಗತ್ತೆ. ಅವಳ ಮಡಿಲಲ್ಲಿ ಏಳು ವರ್ಷದ ಮೊಮ್ಮಗಳು ವಿನುತಾ ಕೂತಿದ್ದಳು. ಅತ್ತೆಯ ಮುಖ ಇದ್ದಕ್ಕಿದ್ದಂತೆ ಅರಳಿತು. "ಜಗಳ ಇರ್ಲಿ ಮಾರಾಯ್ತಿ. ಇಲ್ಲಿ ಕಾಣು. ನಿನ್ನ ಮೈಲಿಲ್ದೆ ಇದ್ದದ್ದು ನಿನ್ನ ಹೊಟ್ಟೇಲಿ ಹುಟ್ಟಿ ಬಂತು."

ಮಗುವಿನ ಬೆರಳ ಗೆಣ್ಣುಗಳ ಮೇಲೆ, ಮೊಣಕೈಗಳ ಮೇಲೆ ಹಳದಿ ಗಂಟುಗಳು. ಪವಿತ್ರಾ ಅವನ್ನು ಕಾಣದವಳಲ್ಲ, ನರಹುಲಿ ಎಂದುಕೊಂಡಿದ್ದಳು. ಈಗ ಅವು ಹೆಚ್ಚಾಗಿದ್ದವು. ಗಂಗತ್ತೆ ಅವಕ್ಕೆ ಅರಿಶಿನ ಹಚ್ಚಿ ತಿಕ್ಕಿ ಹೊಳಪು ಬರಿಸಿದ್ದಳು. "ನಮಗೆಲ್ಲ ಕಣ್ಣಲ್ಲಿ ಮಾತ್ರ. ಇದ್ಕೆ ಮೈಯೆಲ್ಲ ಹೊನ್ನು! ರವೀಂದ್ರನ ವರ್ಷದ ಕಾರ್ಯಕ್ಕೆ ಎಲ್ಲರೂ ಬತ್ರು, ಅವತ್ತು ತೋರಿಸ್ತೆ."

ಮರುದಿನವೇ ಪವಿತ್ರಾ ರಜೆ ಹಾಕಿ ಮಗಳನ್ನು ಹೊನ್ನಾವರದ ಚರ್ಮದ ಡಾಕ್ಟರ ಬಳಿ ಕರೆದೊಯ್ದಳು. ನರಹುಲಿಯಾದರೆ ಸುಡಿಸಿ ಬರುವುದು, ಅತ್ತೆಯ ಹೊನ್ನಿನ ಸಂಭ್ರಮಕ್ಕೂ ಕೊನೆ ಹಾಡುವುದು ಎಂಬುದು ಅವಳ ಲೆಕ್ಕ. ಡಾಕ್ಟರು ಹೆಂಗಸು, ನಡುವಯಸ್ಸಿನವರು. ಗಂಟುಗಳನ್ನು ಮುಟ್ಟಿ ನೋಡಿದರು. ಹಿಮ್ಮಡಿಯ ಮೇಲಿನ ಗಟ್ಟಿ ನರವನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು.

"ಇದನ್ನು ಸುಡುವುದು ಬೇಡ. ಇವಳ ಅಪ್ಪ ಬಂದಿಲ್ವಾ?"

"ತೀರಿಕೊಂಡ್ರು. ಹಾರ್ಟ್ ಅಟ್ಯಾಕ್. ಮೂವತ್ತಾರು."

ಡಾಕ್ಟರು ಪೆನ್ನು ಕೆಳಗಿಟ್ಟರು. "ನೀವಿಬ್ಬರೂ ಸಂಬಂಧದಲ್ಲೇ ಮದುವೆಯಾದವರಾ?"

"ಹೌದು. ಅವರ ತಾಯಿ ನನ್ನ ಸೋದರತ್ತೆ."

"ಹಾಗಾದ್ರೆ ಮಗುವಿನ ರಕ್ತದ ಜೊತೆ ನಿಮ್ಮದೂ ಪರೀಕ್ಷೆಗೆ ಕೊಡಿ."

"ನಂದೆಂತಕ್ಕೆ? ನಂಗೆ ಹೊನ್ನಿಲ್ಲ!" ಮಾತು ಬಾಯಿಂದ ಜಾರಿಬಿಟ್ಟಿತು. ಜೀವಶಾಸ್ತ್ರದ ಲೆಕ್ಚರರ್ ಬಾಯಿಂದ! ಡಾಕ್ಟರು ಏನೆಂದು ಕೇಳಿದಾಗ ಅವಳು ತಲೆ ತಗ್ಗಿಸಿ ಎಲ್ಲವನ್ನೂ ಹೇಳಬೇಕಾಯಿತು, ಕಣ್ಣಿನ ಹಳದಿ, ಒಳಗೊಳಗಿನ ಮದುವೆ, ಎಲ್ಲ. ಡಾಕ್ಟರು ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು ಅನಿಸಿತು ಅವಳಿಗೆ.

ಬಸ್ಸು ಶರಾವತಿಯ ಸೇತುವೆ ಹತ್ತುವಾಗ ಅವಳಿಗೆ ಅಪ್ಪ ನೆನಪಾದ. ನಡುವಯಸ್ಸಿನಲ್ಲೇ ಈರುಳ್ಳಿಯ ಹೊರೆ ಇಳಿಸುತ್ತ ಹಾಗೇ ಕುಸಿದು ಸತ್ತವನು. ಆಗ ಕಾಯ್ಕಿಣಿಯಿಂದ ಓಡಿಬಂದ ಗಂಗತ್ತೆ ಪವಿತ್ರಾಳ ಅವ್ವನ ಎದುರು ನಿಂತು ಹೇಳಿದ್ದೂ ಇದೇ ಮಾತು: ನನ್ನ ತಮ್ಮನಿಗೆ ಎಣ್ಣೆ ಹೊಯ್ದು ಕೊಂದೆ. ಅವ್ವ ಅದನ್ನು ನಂಬಿದಳು. ಅಲ್ಲಿಂದ ಸಾಯುವ ತನಕ ತನ್ನ ತಟ್ಟೆಗೆ ಒಂದು ಹನಿ ಎಣ್ಣೆ ಹಾಕಿಕೊಳ್ಳಲಿಲ್ಲ. ಬೆಂದ ತರಕಾರಿ, ಉಪ್ಪು, ಗಂಜಿ. ಮಕ್ಕಳು ಕೇಳಿದರೆ ರುಚಿಸುದಿಲ್ಲ ಎನ್ನುತ್ತಿದ್ದಳು. ಪವಿತ್ರಾಳ ಮೈ ಉರಿದುಹೋಯಿತು. ಮುದುಕಿ ಒಂದು ತಲೆಮಾರಲ್ಲ, ಎರಡು ತಲೆಮಾರಿನ ಹೆಂಗಸರ ಬಾಯಿಗೆ ಮಣ್ಣು ಹಾಕಿದ್ದಾಳೆ! ತನ್ನ ಮೈಯಲ್ಲಿ ಕಾಯಿಲೆ ಇಟ್ಟುಕೊಂಡು, ಅದನ್ನು ಕನ್ನಡಿಯಲ್ಲಿ ನೋಡಿ ಹಿಗ್ಗಿಕೊಂಡು! ಅತ್ತೆಗೆ ಹೇಳಬೇಕಾದ ಮಾತುಗಳನ್ನು ಅವಳು ಬಸ್ಸಿನಲ್ಲೇ ಕೂಡಿಸತೊಡಗಿದಳು. ಒಂದಕ್ಕಿಂತ ಒಂದು ಹರಿತವಾದವು ಸಿಕ್ಕಿದವು.

ರಿಪೋರ್ಟ್ ಬಂದಾಗ ಮತ್ತೆ ಹೊನ್ನಾವರಕ್ಕೆ ಹೋದಳು. ಮಗುವಿನ ಕೊಲೆಸ್ಟರಾಲ್ ಇರಬೇಕಾದ್ದರ ನಾಲ್ಕು ಪಟ್ಟು.

"ಕೊಬ್ಬು ನೀರಲ್ಲಿ ಕರಗುವುದಿಲ್ಲ, ಆದ್ದರಿಂದ ರಕ್ತದಲ್ಲಿ..." ಎಂದು ಡಾಕ್ಟರು ಶುರುಮಾಡಿದರು.

"ಪೊಟ್ಟಣ ಕಟ್ಟಿ ಕಳಿಸ್ತದೆ" ಎಂದಳು ಪವಿತ್ರಾ. "ಮೇಲೆ ಪ್ರೋಟೀನು, ಫಾಸ್ಫೋಲಿಪಿಡ್. ಒಳಗೆ ಕೊಲೆಸ್ಟರಾಲ್. ಕೆಲಸ ಮುಗಿದ ಮೇಲೆ ಲಿವರ್ ಆ ಪೊಟ್ಟಣನ ವಾಪಸ್ ಒಳಗೆ ಎಳ್ಕಳ್ತದೆ. ನಾನು ಇದನ್ನೇ ಪಾಠ ಮಾಡುದು."

"ಹಾಗೆ ಎಳೆದುಕೊಳ್ಳುವ ಬಾಗಿಲು ಇವಳ ಲಿವರಿನಲ್ಲಿ ತೆರೆಯುವುದಿಲ್ಲ. ಪೊಟ್ಟಣ ರಕ್ತದಲ್ಲೇ ಸುತ್ತುತ್ತದೆ, ಗೆಣ್ಣಿನಲ್ಲಿ ಕೂರುತ್ತದೆ, ಹೃದಯದ ನಾಳದಲ್ಲಿ ಕೂರುತ್ತದೆ. ಹುಟ್ಟಿದಾಗಿನಿಂದ. ಎಣ್ಣೆ ಬಿಟ್ಟ ಮಾತ್ರಕ್ಕೆ ಇದು ಹೋಗುವುದಿಲ್ಲ. ಬಾಗಿಲಿನ ಜೀನ್ ಎರಡು ಇರುತ್ತವೆ, ಒಂದು ತಂದೆಯದು, ಒಂದು ತಾಯಿಯದು. ಇವಳದು ಎರಡೂ ಕೆಟ್ಟಿದೆ." ಡಾಕ್ಟರು ಇನ್ನೊಂದು ಹಾಳೆ ಮುಂದಿಟ್ಟರು. "ಇದು ನಿಮ್ಮ ರಿಪೋರ್ಟ್. ಎರಡು ಪಟ್ಟು ಇದೆ. ಹಳದಿ ಗಂಟು ಎಲ್ಲರಿಗೂ ಏಳಬೇಕೆಂದಿಲ್ಲ."

ಪವಿತ್ರಾ ಹಾಳೆಯನ್ನು ನೋಡಿದಳು. ಕೂಡಿಸಿಟ್ಟ ಮಾತುಗಳಲ್ಲಿ ಅರ್ಧಕ್ಕರ್ಧ ಬಾಯಿಯಲ್ಲೇ ಸತ್ತವು.

"ಹೀಗೇ ಬಿಟ್ಟರೆ ಅಪ್ಪನ ವಯಸ್ಸಿನ ತನಕ ಕಾಯುವುದಿಲ್ಲ ಇದು. ಇಪ್ಪತ್ತರೊಳಗೇ ಆಗಬಹುದು. ನಮ್ಮ ಹೃದಯದ ಡಾಕ್ಟರ ಹತ್ತಿರ ಮಾತಾಡಿದ್ದೇನೆ, ಅವರು ಬರೆದ ಮಾತ್ರೆ ಇವತ್ತೇ ಶುರುಮಾಡಿ, ಒಂದು ದಿನವೂ ತಪ್ಪಿಸಬೇಡಿ. ಮುಂದಿನ ವಾರ ದೊಡ್ಡ ಆಸ್ಪತ್ರೆಗೆ ಹೋಗಲೇಬೇಕು. ಮನೆಯಲ್ಲಿ ಉಳಿದವರೂ ರಕ್ತ ಕೊಡಲಿ."

ಮನೆಯಲ್ಲಿ ಅವಳು ಹೇಳಿದ್ದು ಇಷ್ಟೇ: ಇದು ಹೊನ್ನಲ್ಲ, ಕಾಯಿಲೆ, ಮಾತ್ರೆ ಕೊಡಬೇಕು. ತನ್ನ ಪಾಲಿನ ಮಾತು ಹೇಳಲಿಲ್ಲ. ಹೇಳಿದರೆ ಅತ್ತೆ ಅದನ್ನೇ ಹಿಡಿದುಕೊಂಡು ಕುಣಿಯುತ್ತಾಳೆ ಎಂದು ಗೊತ್ತಿತ್ತು. ಗಂಗತ್ತೆ ಮಾತ್ರೆಯ ಹಾಳೆಯನ್ನು ಹಾವು ನೋಡಿದಂತೆ ನೋಡಿದಳು. "ಹೊನ್ನು ಕರಗ್ಸುಕೆ ಮಾತ್ರೆಯಾ? ನನ್ನ ಮಗನ್ನ ತಿಂದದ್ದು ಸಾಲ್ದಾಯ್ತಾ ನಿಂಗೆ?" ಎಂದಳು. ಪವಿತ್ರಾ ಪ್ರತಿ ಸಂಜೆ ಊಟವಾದ ಮೇಲೆ ತಾನೇ ಮಾತ್ರೆ ಕೊಟ್ಟಳು. ಉಳಿದದ್ದನ್ನು ಅಲಮಾರಿಯಲ್ಲಿ ಸೀರೆಗಳ ಕೆಳಗೆ ಇಟ್ಟು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು.

ಕಾದರೂ ತಪ್ಪಿತು. ದೊಡ್ಡ ಆಸ್ಪತ್ರೆಗೆ ಹೋಗುವ ಮೊದಲೇ ಬಂದ ವರ್ಷದ ಕಾರ್ಯದ ಬೆಳಿಗ್ಗೆ ನೆಂಟರಿಗೆ ಸ್ನಾನಕ್ಕೆ ನೀರು ಕಾಯಿಸಲೆಂದು ಬಚ್ಚಲ ಒಲೆಯ ಬೂದಿ ಎಳೆದರೆ, ಬೂದಿಯೊಳಗೆ ಬೆಳ್ಳಗೆ ಮಿನುಗಿತು. ಅರೆಬೆಂದ ಮಾತ್ರೆಯ ಹಾಳೆ. ಒಂದಲ್ಲ, ಇದ್ದಬದ್ದದ್ದೆಲ್ಲ. ಅವಳು ಆ ಸುಟ್ಟ ಹಾಳೆಯನ್ನು ಕೈಯಲ್ಲಿ ಹಿಡಿದು ಅಂಗಳಕ್ಕೆ ಬಂದಳು.

ಅಂಗಳದಲ್ಲಿ ಕುಟುಂಬವೆಲ್ಲ ನೆರೆದಿತ್ತು. ಕುಮಟೆಯಿಂದ ಮೋಹನ, ಉಮಾ, ಅವರ ಸಣ್ಣ ಮಗಳು ಬಂದಿದ್ದರು. ಗಂಗತ್ತೆ ವಿನುತಾಳನ್ನು ಮಣೆಯ ಮೇಲೆ ಕೂರಿಸಿ ಅವಳ ಎರಡೂ ಕೈ ಮುಂದಕ್ಕೆ ಚಾಚಿಸಿದ್ದಳು. ಹೆಂಗಸರು ಒಬ್ಬೊಬ್ಬರಾಗಿ ಬಂದು ಹಳದಿ ಗಂಟು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಪುಣ್ಯ ಮಾಡಿದ ಕೂಸು ಎನ್ನುತ್ತಿದ್ದರು. ಮಗು ಬೆಪ್ಪಾಗಿ ನಗುತ್ತಿತ್ತು.

"ಕೈ ತೆಗೀರಿ!" ಎಂದು ಪವಿತ್ರಾ ಕಿರುಚಿದಳು. "ಎಲ್ಲರೂ ಅವಳ ಕೈ ಬಿಡಿ!"

"ಎಂತ ಆತೆ ನಿಂಗೆ? ಕಾರ್ಯದ ದಿನ..."

"ಇದೆಂತ ಅತ್ತೆ? ಬಚ್ಚಲ ಒಲೇಲಿ ಸಿಕ್ತು. ನೀವೇ ಹಾಕಿದ್ದಲ್ವಾ?"

"ಹೌದು, ನಾನೇ ಹಾಕ್ದೆ. ಮನೆ ಹೊನ್ನು ಉಳಿಸ್ಕಳ್ಳುದು ತಪ್ಪಾ?" ಗಂಗತ್ತೆ ನೆಂಟರ ಕಡೆ ತಿರುಗಿದಳು. "ಕಂಡ್ರಾ? ಎಣ್ಣೆ ಹೊಯ್ದು ಗಂಡನ್ನ ಕಳಿಸಿದ್ಲು. ಈಗ ಕೂಸಿಗೆ ವಿಷ ಹಾಕ್ತ್ಲು."

"ಎಣ್ಣೆ ಅಲ್ಲ!" ಪವಿತ್ರಾಳ ಗಂಟಲು ಹರಿದುಹೋಗುವಂತಿತ್ತು. "ಎಣ್ಣೆ ಕೊಲ್ಲಲಿಲ್ಲ ನಿಮ್ಮ ಮಗನ್ನ. ಆ ಕಣ್ಣಿನ ಹಳದಿ ಕೊಂದದ್ದು. ಅದು ಹೊನ್ನಲ್ಲ, ಕೊಬ್ಬು. ರಕ್ತದಲ್ಲಿ ಜಾಗ ಸಾಲದೆ ಚರ್ಮಕ್ಕೆ ಬಂದು ಕೂತ ಕೊಬ್ಬು. ನಿಮಗದೆ, ಅವರಿಗಿತ್ತು, ನನ್ನ ಅಪ್ಪನಿಗಿತ್ತು. ಹೊನ್ನಿದ್ದ ಗಂಡಸರಲ್ಲಿ ಯಾರು ಮುದುಕರಾಗಿ ಸತ್ರು, ಹೇಳಿ ನೋಡುವ! ಒಬ್ಬನ ಹೆಸರು ಹೇಳಿ!"

ಮೋಹನ ತನ್ನ ಕಣ್ಣಿನ ಮೂಲೆಯನ್ನು ಬೆರಳಿಂದ ಮುಟ್ಟಿ ನೋಡಿಕೊಂಡ.

"ನನ್ನ ಅವ್ವ ನಿಮ್ಮ ಮಾತು ಕೇಳಿ ಸಾಯೂವರೆಗೂ ಬರೀ ಗಂಜಿ ಉಂಡ್ಲು. ಅವಳಿಗೆ ನಾನು ಎಂತ ಹೇಳ್ಲಿ ಈಗ? ಹೇಳುಕೆ ಅವಳೇ ಇಲ್ಲ!"

ಗಂಗತ್ತೆ ಸೋಲುವ ಹೆಂಗಸಲ್ಲ. "ಎಲ್ಲ ನಮ್ಮಿಂದ್ಲೇ ಬಂತಾ? ನಿನ್ನ ಹೊಟ್ಟೇಲಿ ಹುಟ್ಟಿದ್ದಲ್ವಾ ಇದು? ಹೊನ್ನಿಲ್ದವಳು ನೀನು ಮಾತ್ರ ಶುದ್ಧ, ಅಲ್ವಾ?" ಎಂದಳು.

ಆ ಮಾತಿಗೆ ಪವಿತ್ರಾ ಬಾಯಿ ಮುಚ್ಚಿಕೊಳ್ಳಬಹುದಿತ್ತು. ಸುಳ್ಳು ಹೇಳಿದ್ದರೂ ಅಲ್ಲಿ ಕೇಳುವವರಿರಲಿಲ್ಲ.

"ಅಲ್ಲ" ಎಂದಳು. "ನನ್ನ ರಕ್ತದಲ್ಲೂ ಅದೆ, ಹೊರಗೆ ಕಾಣುದಿಲ್ಲ, ಅಷ್ಟೇ. ಅರ್ಧ ಅವರು ಕೊಟ್ರು, ಅರ್ಧ ನಾನು ಕೊಟ್ಟೆ. ನಾವು ಒಳಗೊಳಗೇ ಮದುವೆ ಮಾಡಿ ಮಾಡಿ ಇದನ್ನ ಕಾಪಾಡ್ಕಂಡು ಬಂದ್ವು. ಎರಡೂ ಕಡೆದು ಸೇರಿದ್ರೆ ಮಕ್ಕಳ ಗೆಣ್ಣಲ್ಲಿ, ಮೊಣಕೈಲಿ ಹೀಗೆ ಏಳ್ತದೆ. ಹೀಗೆ ಎದ್ದ ಮಕ್ಕಳು ಮಾತ್ರೆ ಇಲ್ದೆ ಇಪ್ಪತ್ತು ದಾಟುದು ಕಷ್ಟ ಹೇಳಿದ್ರು ಡಾಕ್ಟ್ರು. ಮಾತ್ರೆ ಬೇಕು. ಇವತ್ತೇ ಬೇಕು. ದಿನಾ ಬೇಕು."

ಅಂಗಳದ ಆಚೆ ಅಂಚಿನಲ್ಲಿ ನಿಂತಿದ್ದ ಉಮಾ ಸರ್ರನೆ ಬಗ್ಗಿ ತನ್ನ ಮಗಳ ಅಂಗಿಯ ತೋಳನ್ನು ಕೆಳಗೆ ಎಳೆದಳು. ಅಂಥ ಸೆಕೆಯಲ್ಲೂ ಮಗುವಿಗೆ ಉದ್ದ ತೋಳಿನ ಅಂಗಿ ತೊಡಿಸಿದ್ದಳು. ಪವಿತ್ರಾ ಅದನ್ನು ಕಂಡಳು. ನಾಲ್ಕು ಹೆಜ್ಜೆ ಮುಂದೆ ಹೋದಳು.

"ಮುಟ್ಟಬೇಡ!" ಉಮಾ ಅವಳ ಕೈಯನ್ನು ಫಟ್ಟನೆ ಹೊಡೆದು ಸರಿಸಿದಳು. "ನನ್ನ ಮಗ್ಳಿಗೆ ಎಂತದೂ ಇಲ್ಲ! ನಿನ್ನ ಮನೆ ಹಾಳಾತು ಅಂದ್ಕಂಡು ನನ್ನ ಮನೆಗೂ ಬೆಂಕಿ ಹಾಕುಕೆ ಬಂದ್ಯಾ?"

ಪವಿತ್ರಾಳೂ ಕೈ ಎತ್ತುತ್ತಿದ್ದಳೇನೋ. ಅಷ್ಟರಲ್ಲಿ ಗಂಗತ್ತೆ ನಡುವೆ ಬಂದಳು. ನೆಲಕ್ಕೆ ಕುಕ್ಕರಿಸಿ, ಉಮಾಳ 'ಅವ್ವ, ಬೇಡ, ಅವ್ವ' ಎಂಬ ಮಾತನ್ನು ಕಿವಿಗೆ ಹಾಕಿಕೊಳ್ಳದೆ, ಆ ಸಣ್ಣ ಕೂಸಿನ ಅಂಗಿಯ ತೋಳನ್ನು ಮೊಣಕೈಯ ತನಕ ಮೇಲೆ ಸರಿಸಿದಳು. ಅಲ್ಲಿ ಇನ್ನೂ ಎಳೆಯದು, ಕಡಲೆಬೇಳೆಯಷ್ಟು ಹಳದಿ ಎದ್ದಿತ್ತು. ಇನ್ನೊಂದು ತೋಳನ್ನೂ ಸರಿಸಿದಳು. ಅಲ್ಲಿಯೂ ಇತ್ತು.

ಗಂಗತ್ತೆ ಅದನ್ನು ಮುಟ್ಟಲಿಲ್ಲ, ಕಣ್ಣಿಗೂ ಒತ್ತಿಕೊಳ್ಳಲಿಲ್ಲ. ಆಮೇಲೆ ಕೂತಲ್ಲಿಂದಲೇ ತಲೆ ಎತ್ತಿ ಪವಿತ್ರಾಳನ್ನು ಕೇಳಿದಳು.

"ಆ ಮಾತ್ರೆ ಇನ್ನೂ ಅದೆಯೇನೆ?"

"ಇಲ್ಲ" ಎಂದಳು ಪವಿತ್ರಾ. ಕೈಯಲ್ಲಿ ಹಿಡಿದಿದ್ದ ಸುಟ್ಟ ಹಾಳೆಯನ್ನು ಅತ್ತೆಯ ಮುಂದೆ ನೆಲದ ಮೇಲೆ ಇಟ್ಟಳು. "ನೀವೇ ಸುಟ್ರಿ."